ನಾವು ನೋಡಲು ಬಂದವರಲ್ಲ

(ಸೋಮವಾರಪೇಟೆಯಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಅಕ್ಕಂದಿರು ಮತ್ತು ಬಸುರಿಯರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ನಮ್ಮಪ್ಪನ ಮಳೆ ಪುಸ್ತಕ. ಕಾಫಿ ತೋಟ ಇರುವ ಮನೆಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ, ಅಲ್ವಾ? ಬೆಳಿಗ್ಗೆ ಎದ್ದ ಕೂಡಲೇ ಮಳೆ ಅಳೆಯುವುದು, ಇಂಚು ಎಷ್ಟು, ಸೆಂಟ್ಸ್ ಎಷ್ಟು ಎಂದು ಬರೆದಿಡುವುದು. ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ. ಆರು ವರ್ಷದ ಹಿಂದಿನ ಜುಲೈ ಪುಟ ತೆಗೆದರೆ ಮಳೆಯ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇದೆ. ಓದುತ್ತೇನೆ. "ಜುಲೈ 13. ಮಳೆ 2 ಇಂಚು 60 ಸೆಂಟ್ಸ್. ಮಗು 1240." "ಜುಲೈ 17. ಮಳೆ 4 ಇಂಚು 10. ಮಗು 1110." "ಜುಲೈ 26. ಮಳೆ 1 ಇಂಚು 5. ಮಗು 1245." ಆಗಸ್ಟ್ ಪುಟದಲ್ಲೂ ಇದೇ ಥರ ಮುಂದುವರಿಯುತ್ತದೆ. ಒಟ್ಟು 41 ದಿನ.

ಆ ಮಗು ನನ್ನ ಮಗಳು. ಪಕ್ಕದ ಅಂಕಿ ಅವಳ ತೂಕ, ಗ್ರಾಂ ಲೆಕ್ಕದಲ್ಲಿ. 30 ವಾರಕ್ಕೇ ಹುಟ್ಟಿದಳು. ಹತ್ತು ವಾರ ಬೇಗ. ಈಗ ಶಾಲೆಗೆ ಹೋಗುತ್ತಿದ್ದಾಳೆ. ಇವತ್ತು ನಾನು ಬಂದಿರುವುದು ಅವಳ ಕಥೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸುವುದಕ್ಕಲ್ಲ. ದಿನ ತುಂಬದೆ ಹುಟ್ಟಿದ ಮಗು ತೀವ್ರ ನಿಗಾ ಘಟಕದಲ್ಲಿ ಇರುವಾಗ ಅಪ್ಪ ಅಮ್ಮನಿಗೆ ಅಲ್ಲಿ ಕೆಲಸ ಇದೆ. ಬಾಗಿಲ ಹೊರಗೆ ಕೂತು ಕಾಯುವುದಲ್ಲ, ನಿಜವಾದ ಕೆಲಸ. ಅದು ನನಗೆ ಗೊತ್ತಾಗಲು ಆರು ದಿನ ಬೇಕಾಯಿತು. ನಿಮಗೆ ಮೊದಲೇ ಗೊತ್ತಿರಲಿ ಎಂದು ಬಂದೆ.

2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು. ಬೇರೆ ಯಾವ ದೇಶದಲ್ಲೂ ಇಷ್ಟು ಇಲ್ಲ. ಹಾಗಿದ್ದೂ ನಮ್ಮ ಮನೆಯಲ್ಲಿ ಇದು ಆಗುವವರೆಗೆ ನಾನು ಈ ವಿಷಯವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಶುರುವಾದದ್ದು ತಲೆನೋವಿನಿಂದ. ಹೆಂಡತಿಗೆ ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಮುಖ ಊದಿತ್ತು. ಬೆರಳಿನ ಉಂಗುರ ಹೊರಗೆ ಬರುತ್ತಿರಲಿಲ್ಲ. "ಬಸುರಿಯರಿಗೆ ಊತ ಮಾಮೂಲು" ಎಂದು ನಾವೆಲ್ಲ ಹೇಳಿದೆವು. ಕಾಲು ಸ್ವಲ್ಪ ಊದುವುದು ಮಾಮೂಲು ಇರಬಹುದು. ಮುಖ, ಕೈ ಊದುವುದು, ತಲೆನೋವು ಹೋಗದೇ ಇರುವುದು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬರುವುದು ಮಾಮೂಲು ಅಲ್ಲ. ಹಿಂದಿನ ವಾರವಷ್ಟೇ ಒಂದು ಕಡೆ ತೋರಿಸಿದ್ದೆವು. ಆ ದಿನ ಅಲ್ಲಿ ಜನ ಜಾಸ್ತಿ. ತೂಕ ನೋಡಿದರು, ಬಿಪಿ ನೋಡಲಿಲ್ಲ. ನಾವೂ ಕೇಳಲಿಲ್ಲ. ತಾಯಿ ಕಾರ್ಡಿನಲ್ಲಿ ಆ ಜಾಗ ಖಾಲಿ ಇತ್ತು. ಆ ಖಾಲಿ ಜಾಗ ಈಗಲೂ ನನಗೆ ನೆನಪಾಗುತ್ತದೆ. ಆಶಾ ಅಕ್ಕಂದಿರೇ, ಕಾರ್ಡಿನಲ್ಲಿ ಬಿಪಿ ಬರೆದಿಲ್ಲ ಅಂದರೆ ದಯವಿಟ್ಟು ಅವರನ್ನು ವಾಪಸ್ ಕಳಿಸಿ, ನೋಡಿಸಿ.

ಮಡಿಕೇರಿಗೆ ಹೋದಾಗ ಬಿಪಿ 170, 110 ಇತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಮೈಸೂರಿಗೆ ಕಳಿಸೋಣ ಅಂದರೆ ದಾರಿಯಲ್ಲಿ ಫಿಟ್ಸ್ ಬರಬಹುದು ಎಂದರು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಸಣ್ಣ ಮಗುವನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ಗಾಡಿ ಇನ್ನೊಂದಿಲ್ಲ. ಹೆರಿಗೆ ಬೇಗ ಆಗುತ್ತದೆ ಎಂದು ಡಾಕ್ಟರಿಗೆ ಅನುಮಾನ ಬಂದಾಗ, ತಾಯಿ ಹೋಗುವ ಸ್ಥಿತಿಯಲ್ಲಿದ್ದರೆ, ಮೊದಲೇ ದೊಡ್ಡ ಆಸ್ಪತ್ರೆಗೆ ಹೋಗಿಬಿಡಬೇಕು. ನಾವು ಎರಡು ದಿನ ತಡ ಮಾಡಿದೆವು. ಆ ಹೊತ್ತಿಗೆ ಹೋಗುವ ಸ್ಥಿತಿ ಉಳಿದಿರಲಿಲ್ಲ.

ಆದರೆ ಅಲ್ಲಿನ ಡಾಕ್ಟರು ಕೂಡಲೇ ಒಂದು ಕೆಲಸ ಮಾಡಿದರು. ಹೆಂಡತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ತಾಯಿಗೆ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ಡಾಕ್ಟರು ಮೊದಲು ಕುರಿಗಳಲ್ಲಿ ಇದನ್ನು ಕಂಡರು. ಆಮೇಲೆ ಹೋವಿ ಎಂಬ ಮಕ್ಕಳ ಡಾಕ್ಟರ ಜೊತೆ ಸೇರಿ ತಾಯಂದಿರಿಗೆ ಕೊಟ್ಟು ನೋಡಿ, 1972ರಲ್ಲಿ ಪ್ರಕಟಿಸಿದರು. ತುಂಬಾ ಅಗ್ಗದ ಔಷಧಿ. 12 ಗಂಟೆಗೊಂದರಂತೆ ನಾಲ್ಕು ಡೋಸ್ ಬೀಳಬೇಕು. ನಮಗೆ ಎರಡಕ್ಕೇ ಸಮಯ ಸಿಕ್ಕಿತು. ಬಿಪಿ ಇಳಿಯಲೇ ಇಲ್ಲ. ಆಪರೇಷನ್ ಮಾಡಿ ಮಗುವನ್ನು ತೆಗೆದರು.

ನಾನು ಅವಳನ್ನು ಮೊದಲು ನೋಡಿದ್ದು ಪ್ಲಾಸ್ಟಿಕ್ ಚೀಲದಲ್ಲಿ. ಕುತ್ತಿಗೆಯವರೆಗೆ ಪ್ಲಾಸ್ಟಿಕ್, ತಲೆಗೆ ಟೋಪಿ. ನನಗೆ ಕೈಕಾಲು ತಣ್ಣಗಾಯಿತು. ಮಗುವನ್ನು ಯಾರಾದರೂ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾರಾ? ಸಿಸ್ಟರ್ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. "ಇವಳ ಚರ್ಮ ಇನ್ನೂ ಬಲಿತಿಲ್ಲ ಅಣ್ಣ. ಒಳಗಿನ ನೀರು, ಶಾಖ ಎರಡೂ ಆಚೆ ಹೋಗಿಬಿಡುತ್ತೆ. ಅದಕ್ಕೇ ಸುತ್ತಿದ್ದೀವಿ" ಎಂದರು. ಮೈಯಲ್ಲಿ ಕೊಬ್ಬು ಇಲ್ಲದ ಮಗುವಿಗೆ ಚಳಿಯೇ ದೊಡ್ಡ ಶತ್ರು. ನಮ್ಮ ಜುಲೈ ಚಳಿ ನಿಮಗೆ ನಾನು ಹೇಳಬೇಕಾಗಿಲ್ಲ.

ಹುಟ್ಟಿ ಐದು ಗಂಟೆಗೆ ಆಂಬುಲೆನ್ಸ್ ಹೊರಟಿತು. ಹೆಂಡತಿಗೆ ಇನ್ನೂ ಪೂರ್ತಿ ಎಚ್ಚರ ಬಂದಿರಲಿಲ್ಲ. ಅವಳ ಹತ್ತಿರ ನನ್ನ ಅತ್ತೆ ಉಳಿದರು. ಮಗುವಿನ ಜೊತೆ ನಾನು. ಈ ಆಯ್ಕೆ ಯಾವ ಗಂಡಸಿಗೂ ಬರುವುದು ಬೇಡ. ಹೆಂಡತಿಯನ್ನು ಬಿಟ್ಟು ಹೋಗುವುದಾ, ಮಗುವನ್ನು ಬಿಟ್ಟು ಕೂರುವುದಾ? ಸುಂಟಿಕೊಪ್ಪ ದಾಟುವವರೆಗೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದಷ್ಟು ಮಂಜು. ಆನೆಕಾಡಿನಲ್ಲಿ ಮಳೆ ಹೊಡೆಯುತ್ತಿತ್ತು. ಗಾಡಿಯ ಒಳಗೆ ಮಾತ್ರ ಬಿಸಿ. ಹೀಟರ್ ಹಾಕಿ, ಕಿಟಕಿ ಎಲ್ಲ ಮುಚ್ಚಿದ್ದರು. ಸಿಸ್ಟರ್ ಬೆವರಿ ನೀರಾಗಿದ್ದರು. ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು. ದಾರಿಯುದ್ದಕ್ಕೂ ಅವರು ಒಂದು ಸಲವೂ ಮಗುವಿನಿಂದ ಕಣ್ಣು ತೆಗೆಯಲಿಲ್ಲ. ಸುಮಾರು 120 ಕಿಲೋಮೀಟರ್ ದಾರಿ. ನಮಗೆ ಅದು ಗೊತ್ತಿರುವ ದಾರಿ. ಬಟ್ಟೆ ತರಲು, ಮದುವೆಗೆ, ದಸರಾಕ್ಕೆ ಹೋಗಿ ಬಂದ ದಾರಿ. ಆ ದಿನ ಯೆಲವಾಲದ ದೀಪ ಕಂಡಾಗ ನಾನು ಮಕ್ಕಳ ಹಾಗೆ ಅತ್ತೆ.

ಮೈಸೂರಿನಲ್ಲಿ ಅವಳ ಶ್ವಾಸನಾಳಕ್ಕೆ ಒಂದು ಔಷಧಿ ಹಾಕಿದರು. ಸರ್ಫ್ಯಾಕ್ಟಂಟ್ ಎಂದು ಹೆಸರು. ನನಗೆ ಡಾಕ್ಟರು ಹೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಕಾಫಿ ಸಸಿಗೆ ಮಣ್ಣು ತುಂಬುವ ಪಾಲಿಥಿನ್ ಚೀಲ ಇದೆಯಲ್ಲ, ಅದು ಒದ್ದೆಯಾದರೆ ಎರಡು ಪದರ ಅಂಟಿಕೊಂಡು ಬಾಯಿ ಬಿಡಿಸಲು ಎಷ್ಟು ಕಷ್ಟ? ದಿನ ತುಂಬದ ಮಗುವಿನ ಶ್ವಾಸಕೋಶದ ಸಣ್ಣ ಸಣ್ಣ ಚೀಲಗಳೂ ಹಾಗೇ. ಪ್ರತಿ ಉಸಿರಿಗೂ ಅಂಟಿಕೊಳ್ಳುತ್ತವೆ, ಪ್ರತಿ ಉಸಿರಿಗೂ ಬಿಡಿಸಬೇಕು. ಮಗು ದಣಿದು ಹೋಗುತ್ತದೆ. ಅಂಟದ ಹಾಗೆ ಮಾಡುವ ಜಾರುವ ಪದಾರ್ಥ ನಮ್ಮೆಲ್ಲರ ಒಳಗೂ ಇದೆ. ಬೇಗ ಹುಟ್ಟಿದವರಲ್ಲಿ ಸಾಕಷ್ಟು ಇರುವುದಿಲ್ಲ. 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ಡಾಕ್ಟರ್ ಈ ಕಾರಣ ಕಂಡುಹಿಡಿದರು. ನಾಲ್ಕು ವರ್ಷದ ನಂತರ, 1963ರಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯ ಮಗು ಇದೇ ತೊಂದರೆಯಿಂದ 39 ಗಂಟೆಯಲ್ಲಿ ತೀರಿಕೊಂಡಿತು. ನನ್ನ ಮಗಳಿಗಿಂತ ನಾಲ್ಕು ವಾರ ದೊಡ್ಡದು, ಎರಡು ಕೆಜಿ ದಾಟಿದ ಮಗು. ಜಪಾನಿನ ಫುಜಿವಾರಾ ಎಂಬುವರು 1980ರಲ್ಲಿ ಮಕ್ಕಳಿಗೆ ಸರ್ಫ್ಯಾಕ್ಟಂಟ್ ಕೊಟ್ಟು ಉಳಿಸಿ ತೋರಿಸಿದರು. ಅಷ್ಟು ದೊಡ್ಡ ಮನುಷ್ಯನ ಮಗುವಿಗೆ ಸಿಗದೇ ಇದ್ದದ್ದು ಮೂರು ಎಕರೆ ತೋಟದವನ ಮಗುವಿಗೆ ಸಿಕ್ಕಿತು. ಆ ಡಾಕ್ಟರುಗಳ ಹೆಸರನ್ನು ನಾನು ದೇವರ ಹೆಸರಿನ ಜೊತೆ ಹೇಳುತ್ತೇನೆ.

ಆಮೇಲೆ ಕಾಯುವ ದಿನಗಳು. ಘಟಕದ ಹೊರಗೆ ಒಂದು ಉದ್ದ ಬೆಂಚು. ದಿನಕ್ಕೆ ಒಂದು ಸಲ ಕರೆದು ಹತ್ತು ನಿಮಿಷ ತೋರಿಸುತ್ತಿದ್ದರು. ಮೂಗಿಗೆ ಗಾಳಿ ಕೊಡುವ ನಳಿಕೆ, ಬಾಯಿಗೆ ಹಾಲಿನ ಪೈಪು, ಕಾಲಿಗೆ ಕೆಂಪು ದೀಪದ ಪಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿ ಕಾಮಾಲೆಗೆ ನೀಲಿ ಲೈಟು. ನಾನು ಕೈ ಕಟ್ಟಿ ನಿಂತು ನೋಡಿ ಬರುತ್ತಿದ್ದೆ. ಮಠಕ್ಕೆ ಹೋದ ಹಾಗೆ. ನಾನು ಮುಟ್ಟಿದರೆ ಏನಾದರೂ ಆಗಿಬಿಡುತ್ತದೆ ಎಂಬ ಭಯ.

ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಹಾಲು.

ಎರಡನೇ ದಿನ ಒಬ್ಬ ಸಿಸ್ಟರ್ ಬಂದು, "ತಾಯಿ ಹಾಲು ಎಲ್ಲಿ?" ಎಂದು ಕೇಳಿದರು. ತಾಯಿ ಮಡಿಕೇರಿಯಲ್ಲಿದ್ದಾಳೆ ಎಂದೆ. "ಮಡಿಕೇರಿಯಿಂದ ಬಸ್ ಬರಲ್ವಾ?" ಎಂದರು. ಅಷ್ಟೇ. ನಾನು ಹೆಂಡತಿಗೆ ಫೋನ್ ಮಾಡಿದೆ. ಅವಳು ಹಾಸಿಗೆಯಲ್ಲೇ ಅರ್ಧ ಎದ್ದು ಕೂತು, ಅಲ್ಲಿನ ಸಿಸ್ಟರ್ ಸಹಾಯದಿಂದ ಕೈಯಲ್ಲೇ ಹಿಂಡಿದಳು. ಮೊದಲ ಸಲ ಬಂದದ್ದು ಒಂದು ಚಮಚವೂ ಇಲ್ಲ. ಹಳದಿ ಬಣ್ಣ, ಅಂಟಂಟು. "ರೀ, ಇಷ್ಟೇ ಬಂದಿರೋದು. ಇದನ್ನ ಹೇಗೆ ಕಳಿಸ್ಲಿ?" ಎಂದು ಫೋನಿನಲ್ಲಿ ಅತ್ತಳು. ನಾನು ಸಿಸ್ಟರಿಗೆ ಹೇಳಿದರೆ ಅವರ ಮುಖ ಅರಳಿತು. ನಮ್ಮ ಮಗುವಿಗೆ ಆಗ ಬೇಕಿದ್ದದ್ದು ಎರಡು ಗಂಟೆಗೆ 2 ಎಂಎಲ್. ಎರಡೇ ಎಂಎಲ್! ನಾವು ಸೇರಿನ ಲೆಕ್ಕದಲ್ಲಿ ಯೋಚಿಸುತ್ತಿದ್ದೆವು, ಅವಳಿಗೆ ಬೇಕಿದ್ದದ್ದು ಹನಿಯ ಲೆಕ್ಕ.

ನನ್ನ ಬಾಮೈದ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಹಾಲು ತುಂಬಿಕೊಂಡು ಬೆಳಗಿನ ಬಸ್ಸಿಗೆ ಹತ್ತುತ್ತಿದ್ದ. ಪ್ರತಿ ಬಾಟಲಿಯ ಮೇಲೆ ತಾಯಿಯ ಹೆಸರು, ಹಿಂಡಿದ ಗಂಟೆ. ಎರಡನೇ ದಿನಕ್ಕೆ ಕಂಡಕ್ಟರಿಗೆ ವಿಷಯ ಗೊತ್ತಾಯಿತು. ಡಬ್ಬಿಗೆ ಎಂಜಿನ್ ಬಿಸಿ ತಾಗದ ಕಡೆ ಸೀಟು ಕೊಟ್ಟರು. ಟಿಕೆಟ್ ಕೊಡುವಾಗ "ಪಾಪು ಈಗ ಹೇಗಿದೆ?" ಎಂದು ಕೇಳುತ್ತಿದ್ದರಂತೆ. ಹೀಗೆ ಹೆಂಡತಿ ಬರುವವರೆಗೆ ಮಡಿಕೇರಿಯ ಹಾಲು ಮೈಸೂರಿನ ಮಗುವಿನ ಹೊಟ್ಟೆ ಸೇರಿತು. ಮೊದಲ ಹನಿಗಳನ್ನು ಸಿಸ್ಟರ್ ಹತ್ತಿಯಲ್ಲಿ ಅದ್ದಿ ಮಗುವಿನ ಕೆನ್ನೆಯ ಒಳಗೆ ಸವರಿದರು. ನಾನು ನೋಡುತ್ತಿದ್ದೆ. ನಾಲಿಗೆ ಆಡಿಸಿದಳು.

ಡಬ್ಬಿ ಹಾಲು ಕೊಟ್ಟರೆ ಆಗಲ್ವಾ ಎಂದು ಯಾರಾದರೂ ಕೇಳಬಹುದು. ಇಷ್ಟು ಸಣ್ಣ ಮಕ್ಕಳ ಕರುಳಿಗೆ ಊತ ಬಂದು ಕೊಳೆಯುವ ಒಂದು ಕೆಟ್ಟ ಕಾಯಿಲೆ ಇದೆ. ತಾಯಿಯ ಹಾಲು ಕುಡಿದ ಮಕ್ಕಳಿಗೆ ಅದು ಕಡಿಮೆ. ತಾಯಿಗೆ ಹಾಲು ಸಾಲದಿದ್ದರೆ ಹಾಲಿನ ಬ್ಯಾಂಕ್‌ಗಳಿವೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಯಿತು. ಆದರೆ ಹಾಲು ನಿಲ್ಲದ ಹಾಗೆ ನೋಡಿಕೊಳ್ಳಲು ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು, ರಾತ್ರಿಯೂ ಸೇರಿ. ಮಗು ಎದುರಿಗೆ ಇಲ್ಲದೆ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಹಾಲು ಹಿಂಡುವುದು ಎಂಥ ಕೆಲಸ ಎಂದು ಗಂಡಸರು ಒಂದು ಕ್ಷಣ ಯೋಚಿಸಿ. ಆ ಹೊತ್ತಿಗೆ ಎದ್ದು ಬಿಸಿನೀರು ಕೊಡಿ, ಬಾಟಲಿ ತೊಳೆದು ಕೊಡಿ. ಸುಮ್ನೆ ಪಕ್ಕದಲ್ಲಿ ಕೂತರೂ ಆಯಿತು.

ಆರನೇ ದಿನ ಹೆಂಡತಿ ಮೈಸೂರಿಗೆ ಬಂದಳು. ಹೊಲಿಗೆಯ ನೋವಿನಲ್ಲೇ ಬಂದಳು. ಮಗುವನ್ನು ಅವಳು ಅದೇ ಮೊದಲು ನೋಡಿದ್ದು. ನೋಡಿದವಳೇ "ನಾನೇನು ತಪ್ಪು ಮಾಡಿದೆ?" ಎಂದಳು. ಊರಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಗ್ರಹಣ ನೋಡಿದಳಾ, ಭಾರ ಎತ್ತಿದಳಾ, ಪಪ್ಪಾಯಿ ತಿಂದಳಾ. ಬಸುರಿಯಲ್ಲಿ ಬಿಪಿ ಹೀಗೆ ಏರುವುದಕ್ಕೆ ಬೇರು ಇರುವುದು ಮಾಸಿನಲ್ಲಿ, ಅದು ಬೆಳೆಯುವ ರೀತಿಯಲ್ಲಿ. ಅವಳು ಏನನ್ನೋ ತಿಂದದ್ದರಲ್ಲಿ, ಎತ್ತಿದ್ದರಲ್ಲಿ ಇಲ್ಲ. ಇದನ್ನು ಡಾಕ್ಟರು ಮೂರು ಸಲ ಹೇಳಿದರು. ನಾನು ಮೂವತ್ತು ಸಲ ಹೇಳಿರಬೇಕು. ಅಂಥ ಮನೆಗೆ ನೀವು ಹೋದಾಗ ಕಾರಣ ಹುಡುಕಬೇಡಿ. ಬಾಣಂತಿ ಊಟ ಮಾಡಿದಳಾ, ನಿದ್ದೆ ಮಾಡಿದಳಾ, ದಿನಾ ಅಳುತ್ತಿದ್ದಾಳಾ ನೋಡಿ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಅದೇ ದಿನ ಹಿರಿಯ ಸಿಸ್ಟರ್ ಒಬ್ಬರು ನಮ್ಮಿಬ್ಬರನ್ನೂ ಒಳಗೆ ಕರೆದರು. ಮೊಣಕೈವರೆಗೆ ಕೈ ತೊಳೆಸಿದರು. ಉಂಗುರ, ವಾಚು, ಕೈದಾರ ಎಲ್ಲ ತೆಗೆಸಿದರು. ನಾನು ಎಂದಿನಂತೆ ದೂರ ನಿಂತೆ. "ಯಾಕಣ್ಣ ಅಲ್ಲಿ ನಿಂತಿದ್ದೀರಾ? ನೀವು ನೋಡೋಕೆ ಬಂದವರಲ್ಲ, ಅಪ್ಪ ಅಲ್ವಾ" ಎಂದರು. ನನ್ನ ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಿಚಿದ ಕಾಲುಗಳ ಮೇಲೆ ಇಡಿಸಿದರು. "ಸವರಬೇಡಿ. ಚರ್ಮ ತೆಳು, ಅವಳಿಗೆ ಉರಿಯುತ್ತೆ. ಸುಮ್ನೆ ಇಟ್ಕೊಳ್ಳಿ" ಎಂದರು. ಇಟ್ಟುಕೊಂಡೆ. ಹೊಟ್ಟೆಯೊಳಗೆ ಮುದುಡಿ ಮಲಗಿದ ಮಗುವಿಗೆ ಹೊರಗೆ ಬಂದ ಮೇಲೆ ಸುತ್ತ ಗೋಡೆಯೇ ಇಲ್ಲ. ನಮ್ಮ ಕೈ ಆ ಗೋಡೆ. ಎರಡು ನಿಮಿಷದಲ್ಲಿ ಅವಳ ಕೈಕಾಲು ನಡುಗುವುದು ನಿಂತಿತು. ಪರದೆಯಲ್ಲಿ ಎದೆ ಬಡಿತದ ಅಂಕಿ ನಿಧಾನವಾಗಿ ಇಳಿಯಿತು. ನಾನು ಮಗುವಿಗೆ ಮೊದಲ ಸಲ ಉಪಯೋಗಕ್ಕೆ ಬಂದೆ.

ಆ ಪರದೆಯ ಬಗ್ಗೆ ಒಂದು ಮಾತು. ಅದು ಸದಾ ಕೂಗುತ್ತಿರುತ್ತದೆ. ಮಗು ಕಾಲು ಆಡಿಸಿ ಪಟ್ಟಿ ಸಡಿಲವಾದರೂ ಕೂಗುತ್ತದೆ. ಮೊದಮೊದಲು ಪ್ರತಿ ಕೂಗಿಗೂ ನಮ್ಮ ಜೀವ ಹೋಗಿ ಬರುತ್ತಿತ್ತು. ಸಿಸ್ಟರ್ ಕಲಿಸಿದ್ದು ಇಷ್ಟು: ಮೊದಲು ಮಗುವನ್ನು ನೋಡಿ, ಆಮೇಲೆ ಪರದೆ ನೋಡಿ. ಬಣ್ಣ ಸರಿ ಇದೆಯಾ, ಎದೆ ಏರಿಳಿಯುತ್ತಿದೆಯಾ? ಇನ್ನೊಂದು, ಆಮ್ಲಜನಕದ ಅಂಕಿ 100 ಇಲ್ಲವಲ್ಲ ಎಂದು ನಾನು ಜಗಳಕ್ಕೇ ಹೋಗಿದ್ದೆ. ಆಮ್ಲಜನಕ ಕೊಡುತ್ತಿರುವ ಸಣ್ಣ ಮಕ್ಕಳಿಗೆ 90ರಿಂದ 95ರ ಒಳಗೆ ಇಡುತ್ತಾರೆ. ಜಾಸ್ತಿ ಆದರೆ ಕಣ್ಣಿನ ನರಪರದೆಗೆ ಪೆಟ್ಟು. 1940, 50ರ ದಶಕದಲ್ಲಿ ಇದು ತಿಳಿಯದೆ ಧಾರಾಳವಾಗಿ ಕೊಟ್ಟು ಸಾವಿರಾರು ಮಕ್ಕಳು ಕುರುಡಾದರು.

ಒಂಬತ್ತನೇ ದಿನ ಅವಳು ಉಸಿರಾಡುವುದನ್ನು ಮರೆತಳು. ಮರೆಯುವುದು ಎಂದೇ ಹೇಳಬೇಕು. ಉಸಿರಿಗೆ ಆಜ್ಞೆ ಕೊಡುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ತುಟಿ ನೀಲಿಯಾಯಿತು. ಸಿಸ್ಟರ್ ಅಂಗಾಲನ್ನು ಮೆಲ್ಲಗೆ ತಟ್ಟಿದರು, ಮತ್ತೆ ಉಸಿರು ಬಂತು. ಇದಕ್ಕೆ ಕೊಡುತ್ತಿದ್ದ ಔಷಧಿಯ ಹೆಸರು ಕೇಳಿ ನಾನು ಬೆರಗಾದೆ. ಕೆಫೀನ್! ನಮ್ಮ ಗಿಡದ ಬೀಜದಲ್ಲಿರುವ ಅದೇ ಕೆಫೀನ್. ಮೆದುಳನ್ನು ಎಚ್ಚರ ಇಡುತ್ತದೆ, ಉಸಿರನ್ನು ನೆನಪಿಸುತ್ತದೆ. ಹಾಗಂತ ಯಾರೂ ಮನೆಯಲ್ಲಿ ಮಗುವಿನ ಬಾಯಿಗೆ ಕಾಫಿ ಹಾಕಬೇಡಿ. ಅದು ಅಳೆದು ಶುದ್ಧ ಮಾಡಿದ ಔಷಧಿ. ಆದರೆ ಮೂರು ತಲೆಮಾರಿನಿಂದ ಕಾಫಿ ಬೆಳೆದ ಮನೆಯ ಮಗು ಕೆಫೀನಿನಿಂದ ಉಸಿರಾಡಿತು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಎಲ್ಲರ ಮಗು ಮನೆಗೆ ಬರಲಿಲ್ಲ. ಪಕ್ಕದ ವಾರ್ಮರಿನಲ್ಲಿ, ಅಂದರೆ ಮಗುವನ್ನು ಬೆಚ್ಚಗಿಡುವ ಹಾಸಿಗೆಯಲ್ಲಿ, ಒಂದು ಗಂಡು ಮಗು ಇತ್ತು. ಅದರ ಅಪ್ಪ ನನ್ನ ಬೆಂಚಿನ ಜೊತೆಗಾರ. ನಾವಿಬ್ಬರೂ ಒಂದೇ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆವು, ಒಬ್ಬರ ಮಗುವಿನ ಗ್ರಾಂ ಇನ್ನೊಬ್ಬರು ಕೇಳುತ್ತಿದ್ದೆವು. ನಂಜು ಏರಿ ಹದಿನಾಲ್ಕನೇ ದಿನ ಮಗು ಹೋಯಿತು. ಕೊನೆಯ ಅರ್ಧ ಗಂಟೆ ಪೈಪುಗಳನ್ನೆಲ್ಲ ತೆಗೆದು ಅವರ ಕೈಗೆ ಕೊಟ್ಟರು. ಆ ಮನುಷ್ಯ ಹೋಗುವಾಗ ತಾನು ಕೊಂಡು ತಂದಿದ್ದ ಸಣ್ಣ ಉಲನ್ ಟೋಪಿಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮ ಮಗೀಗೆ ಹಾಕಿ" ಎಂದ. ನನಗೆ ಹೇಳಲು ಮಾತಿರಲಿಲ್ಲ. ಈಗಲೂ ಇಲ್ಲ.

ಎರಡು ವಾರದ ಹೊತ್ತಿಗೆ ನಮ್ಮ ಮಗು ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಳು. ಮೊದಲು ಇಳಿಯುವುದು ಸಹಜ ಎಂದು ಹೇಳಿದ್ದರು, ಆದರೂ ಆ 1110 ನೋಡಿದಾಗ ಎದೆ ಒಡೆದಿತ್ತು. ಆಮೇಲೆ ಶುರುವಾಯಿತು ಎದೆಗೆ ಕಟ್ಟಿಕೊಳ್ಳುವ ಕೆಲಸ. ಕಾಂಗರೂ ತಾಯಿ ಆರೈಕೆ ಎನ್ನುತ್ತಾರೆ. ಮಗುವಿಗೆ ಡಯಾಪರ್, ಟೋಪಿ, ಕಾಲುಚೀಲ ಬಿಟ್ಟು ಬೇರೇನೂ ಇಲ್ಲ. ತಾಯಿಯ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ, ಮುಖ ಒಂದು ಬದಿಗೆ ತಿರುಗಿಸಿ, ಕುತ್ತಿಗೆ ಮಡಿಚದ ಹಾಗೆ ನೋಡಿ, ಬಟ್ಟೆ ಸುತ್ತಿ ಕಟ್ಟುವುದು. ಇದು ಹುಟ್ಟಿದ್ದು ಕೊಲಂಬಿಯಾ ದೇಶದ ಬೊಗೋಟಾ ಎಂಬ ಊರಿನಲ್ಲಿ, 1970ರ ದಶಕದ ಕೊನೆಗೆ. ಅಲ್ಲಿ ಸಣ್ಣ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಹಲವು ಮಕ್ಕಳಿಟ್ಟು ನಂಜಾಗಿ ಸಾಯುತ್ತಿದ್ದಾಗ, ರೇ ಮತ್ತು ಮಾರ್ಟಿನೆಜ್ ಎಂಬ ಡಾಕ್ಟರುಗಳು ಮಕ್ಕಳನ್ನು ತಾಯಂದಿರ ಎದೆಗೇ ಕೊಟ್ಟರು. ಬಡತನದಲ್ಲಿ ಹುಟ್ಟಿದ ಉಪಾಯ. ಇವತ್ತು ಎಲ್ಲ ಸೌಲಭ್ಯ ಇರುವ ಕಡೆಯೂ ಇದನ್ನೇ ಮಾಡುತ್ತಾರೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಒಂದು ಅಧ್ಯಯನ 2021ರಲ್ಲಿ ಹೊರಬಂತು. ಮಗು ಪೂರ್ತಿ ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರೆ ಮೊದಲ ತಿಂಗಳ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ ಹೊತ್ತು ಮಾಡಿ ಎಂದು ಹೇಳಿತು. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಲ್ಲೂ ಮನೆಯಲ್ಲೂ ಇದನ್ನು ಮಾಡಿಸಿ ತೋರಿಸಿದ್ದಾರೆ. ನಮ್ಮ ಮಗಳಿಗೆ ಎರಡು ವಾರ ಕಾದೆವಲ್ಲ, ಅಷ್ಟು ಕಾಯಬೇಕಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಹೆಂಡತಿ ಊಟಕ್ಕೆ, ಸ್ನಾನಕ್ಕೆ ಹೋದಾಗ ಯಾರು? ನಾನು. ವಾರ್ಡಿನಲ್ಲಿ ಅಷ್ಟು ಹೆಂಗಸರ ನಡುವೆ ಅಂಗಿ ಗುಂಡಿ ಬಿಚ್ಚಿ ಕೂರಲು ಮೊದಲ ದಿನ ಬಹಳ ಸಂಕೋಚ ಆಯಿತು. ಪರದೆ ಎಳೆದು ಕೊಟ್ಟರು. ಮಗುವನ್ನು ಎದೆಗೆ ಇಟ್ಟರು. ಒಂದು ಕೆಜಿ ಕಾಫಿ ಪುಡಿ ಪ್ಯಾಕೆಟ್‌ಗಿಂತ ಸ್ವಲ್ಪ ಜಾಸ್ತಿ ಭಾರ. ಮಗುವಿನ ಉಸಿರು ನನ್ನ ಎದೆಗೂದಲಿಗೆ ತಾಗುತ್ತಿತ್ತು. ನಾನು ನಿಧಾನ ಉಸಿರಾಡಿದರೆ ಅವಳೂ ನಿಧಾನವಾಗುತ್ತಿದ್ದಳು. ಮೂರು ಗಂಟೆ ಅಲುಗಾಡದೆ ಕೂತೆ. ಉಸಿರು ಮರೆಯುವುದು ಆ ಮೂರು ಗಂಟೆಯಲ್ಲಿ ಒಮ್ಮೆಯೂ ಆಗಲಿಲ್ಲ.

41ನೇ ದಿನ, 1 ಕೆಜಿ 780 ಗ್ರಾಂ ಇದ್ದಾಗ ಮನೆಗೆ ಕಳಿಸಿದರು. ನಿಜವಾದ ಪರೀಕ್ಷೆ ಮನೆಯಲ್ಲಿತ್ತು. ಆಗಸ್ಟ್ ಮಳೆ, ಬಟ್ಟೆ ಒಣಗದ ಕಾಲ. ನಮ್ಮಮ್ಮ ಬಾಣಂತಿ ಕೋಣೆ ಸಿದ್ಧ ಮಾಡಿದ್ದರು. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ, ಮೂಲೆಯಲ್ಲಿ ಬಾಣಲೆ ತುಂಬ ಕೆಂಡ. ಎಣ್ಣೆ ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ. ನಮ್ಮನ್ನೆಲ್ಲ ಬೆಳೆಸಿದ ರೀತಿ ಅದು. ಪ್ರೀತಿಯಿಂದಲೇ ಮಾಡಿದ್ದರು. ಆದರೆ ಡಾಕ್ಟರು ಕೈ ಹಿಡಿದು ಹೇಳಿ ಕಳಿಸಿದ್ದರು: ಹೊಗೆ ಬೇಡ, ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ದೊಡ್ಡವರನ್ನೇ ಕೊಲ್ಲುತ್ತದೆ. ತೂಕ ಬರುವವರೆಗೆ ಸ್ನಾನವೂ ಬೇಡ, ಒರೆಸಿದರೆ ಸಾಕು.

ಅಮ್ಮನಿಗೆ ನಾನು ಇದನ್ನು ಹೇಳಿದ ರೀತಿ ಸರಿ ಇರಲಿಲ್ಲ. ಬಂದ ಕೂಡಲೇ ಕೆಂಡದ ಬಾಣಲೆ ಎತ್ತಿ ಆಚೆ ಇಟ್ಟೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ಮನೆಗೆ ಬಂದ ಆಶಾ ಅಕ್ಕ ಎಷ್ಟು ಚೆನ್ನಾಗಿ ಸರಿ ಮಾಡಿದರು ಅಂದರೆ, ನಾನು ಇವತ್ತಿಗೂ ಅವರಿಗೆ ಋಣಿ. ಅವರು ಅಮ್ಮನಿಗೆ ಏನನ್ನೂ ಬೇಡ ಎನ್ನಲಿಲ್ಲ. "ಅಜ್ಜಿ, ಮಗೂಗೆ ಬೆಚ್ಚಗಿರಬೇಕು ಅಂತ ನೀವು ಹೇಳೋದು ಸರಿ. ಬಾಣಂತಿಗೆ ಬೆನ್ನು ನೋವಂತೆ. ಸ್ವಲ್ಪ ಹೊತ್ತು ನೀವೇ ಬೆಚ್ಚಗಿಟ್ಕೋತೀರಾ?" ಎಂದು ಕೇಳಿ ಮಗುವನ್ನು ಅಮ್ಮನ ಎದೆಗೆ ಕಟ್ಟಿಯೇ ಬಿಟ್ಟರು. ಮೇಲೆ ಶಾಲು ಹೊದಿಸಿದರು. ಅಮ್ಮ ಮಂಚದಲ್ಲಿ ದಿಂಬಿಗೆ ಒರಗಿ ಕೂತರು. ಮಗು ನಿದ್ದೆ ಹೋಯಿತು. ಸಂಜೆ ಅಪ್ಪ ಮಗುವನ್ನು ಕೇಳಿದರೆ ಅಮ್ಮ ಕೊಡಲಿಲ್ಲ. ಮರುದಿನದಿಂದ ಕೆಂಡದ ಮಾತೇ ಬರಲಿಲ್ಲ. ಕೆಮ್ಮು, ಜ್ವರ ಇಲ್ಲದ, ಕೈ ತೊಳೆದ ಯಾರು ಬೇಕಾದರೂ ಹೀಗೆ ಮಗುವನ್ನು ಕಟ್ಟಿಕೊಳ್ಳಬಹುದು. ಅಜ್ಜಿ, ಚಿಕ್ಕಮ್ಮ, ಮಾವ, ಯಾರೂ.

ಇನ್ನು ಮೂರು ವಿಷಯ ಬೇಗ ಹೇಳುತ್ತೇನೆ. ಕಣ್ಣು. 34 ವಾರದ ಒಳಗೆ ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ಇದ್ದ ಮಗುವಿಗೆ ಹುಟ್ಟಿದ 30 ದಿನದ ಒಳಗೆ ಕಣ್ಣಿನ ನರಪರದೆಯ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ದಿನ ಮೀರಿದರೆ ಕುರುಡು, ಸಮಯಕ್ಕೆ ಲೇಸರ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮದಲ್ಲಿ ಜಿಲ್ಲೆಯ ಆಸ್ಪತ್ರೆಗಳಿಗೇ ಕ್ಯಾಮೆರಾ ತಂದು ಮಕ್ಕಳ ಕಣ್ಣು ನೋಡುತ್ತಿದ್ದಾರೆ. ಕಿವಿಯ ಪರೀಕ್ಷೆಯೂ ಮರೆಯಬೇಡಿ. ಖರ್ಚು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಮಗುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ, ಔಷಧಿ, ಸಾಗಿಸುವ ಗಾಡಿ ಎಲ್ಲ ಉಚಿತ. ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ, ಅಸ್ಸಾಂನಿಂದ ಬಂದು ದುಡಿಯುತ್ತಿರುವವರಿಗೆ ಇದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ವಯಸ್ಸು. "ಇನ್ನೂ ಕೂರಲ್ವಾ, ಇನ್ನೂ ನಡೆಯಲ್ವಾ" ಎಂದು ಕೇಳುವವರು ಬಹಳ. ಹತ್ತು ವಾರ ಬೇಗ ಹುಟ್ಟಿದ ಮಗುವಿನ ಬೆಳವಣಿಗೆ ನೋಡುವಾಗ ಎರಡು ವರ್ಷದವರೆಗೆ ಆ ಹತ್ತು ವಾರ ಕಳೆಯಬೇಕು. ಲಸಿಕೆಗೆ ಮಾತ್ರ ಕಳೆಯುವಂತಿಲ್ಲ, ಅದು ಹುಟ್ಟಿದ ದಿನದ ಲೆಕ್ಕ.

ಹಾಂ, ಇನ್ನೊಂದು. "ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ" ಎಂಬ ಮಾತು ನಮ್ಮಲ್ಲಿ ಇದೆ. ನನಗೂ ಒಬ್ಬರು ಸಮಾಧಾನಕ್ಕೆ ಹೇಳಿದರು. ಅದು ಸುಳ್ಳು. ಹೊಟ್ಟೆಯಲ್ಲಿ ಜಾಸ್ತಿ ಇದ್ದ ಒಂದೊಂದು ವಾರವೂ ಲಾಭವೇ. ಎಂಟು ತಿಂಗಳಿಗೆ ನೋವು ಬಂದವಳನ್ನು ಈ ಮಾತಿನಿಂದ ಹೆದರಿಸಬೇಡಿ.

ಈಗ ಸಿಸ್ಟರ್ ಒಂದು ಗೊಂಬೆ ತಂದಿದ್ದಾರೆ. ಒಳಗೆ ಮರಳು ತುಂಬಿ ಸರಿಯಾಗಿ 1240 ಗ್ರಾಂ ಮಾಡಿ ಕೊಡಿ ಎಂದು ನಾನೇ ಕೇಳಿಕೊಂಡೆ. ಕಟ್ಟುವ ಬಟ್ಟೆಯೂ ಇದೆ. ಹೆಂಗಸರು ಆಮೇಲೆ. ಮೊದಲು ಹಿಂದಿನ ಸಾಲಿನಲ್ಲಿ ನಿಂತಿರುವ ಗಂಡಸರು ಮುಂದೆ ಬನ್ನಿ. ಅಲ್ಲಿ ಪೈಪಿನ ಹತ್ತಿರ ಸೋಪು ಇದೆ, ಮೊಣಕೈವರೆಗೆ ಕೈ ತೊಳೆದುಕೊಂಡು ಬನ್ನಿ. ವಾಚು ತೆಗೆಯಿರಿ.